ದೊಡ್ಡಿ ಸೇರಿದ ವಿಮಾನ

ಜಾಲಿಹಟ್ಟಿ ಗ್ರಾಮ ಪಂಚಾಯಿತಿಯ ದೊಡ್ಡಿಯಲ್ಲಿ ಕಟ್ಟಿಹಾಕಲಾಗಿರುವ ವಿಮಾನದ ಆರೋಗ್ಯ ತೃಪ್ತಿಕರವಾಗಿದೆ. ೨೦೦೬ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಈ ಪ್ರಕಟಣೆಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿದಾಗ ಊರಿನವರು ನಿಂತು ಓದಿದರು, ಒಳ್ಳೆಯದಾಯಿತು ಎಂದರು, ತಮ್ಮ ತಮ್ಮ ಕೆಲಸಕ್ಕೆ ಹೋದರು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನವರು ಮಾತ್ರ ದೊಡ್ಡಿಯ ಮುಂದೆ ಒಂದು ಗಳಿಗೆ ನಿಲ್ಲಿಸಿ ನೋಡಿ, ರೈಟ್ ಹೇಳಿಕೊಂಡು ಮುಂದೆ ಸಾಗಿದರು.

ಪಟ್ಟಣದ ಓದುಗರಿಗಾಗಿ ಒಂದು ಮಾತು. ದೊಡ್ಡಿ ಎಂದರೆ ದನಗಳ ಸೆರೆಮನೆ. ಯಾರದೋ ದನ ಯಾರದೋ ಹೊಲಕ್ಕೆ ನುಗ್ಗಿ ಪೈರು ಮೇದರೆ ಅದನ್ನು ಹೊಡೆದುಕೊಂಡು ಬಂದು ಇಲ್ಲಿ ಕೂಡಿಹಾಕುತ್ತಾರೆ. ವಾರಸುದಾರ ಬಂದು, ತಲೆ ತಗ್ಗಿಸಿ, ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ಎದೆಮಟ್ಟದ ಕಲ್ಲುಗೋಡೆ, ಒಂದು ಅಗಲವಾದ ಗೇಟು, ಒಂದು ಬೇವಿನ ಮರ, ಒಂದು ಕಲ್ಲುಬಾನಿ, ಗೋಡೆಗೆ ಅಂಟಿದಂತೆ ಕಾವಲುಗಾರನಿಗೆ ಒಂದು ಕೋಣೆ. ಜಾಲಿಹಟ್ಟಿಯ ದೊಡ್ಡಿಯಲ್ಲಿ ಇಷ್ಟೂ ಇದ್ದವು. ದನವೊಂದು ಇರಲಿಲ್ಲ.

ಇದಕ್ಕೆ ಕಾರಣ ಜನರ ಭಕ್ತಿ. ಈ ಸೀಮೆಯಲ್ಲಿ ದೇವರಿಗೆ ಬಿಟ್ಟ ಎತ್ತುಗಳು ಬಹಳ. ಅವನ್ನು ಹೂಡುವಂತಿಲ್ಲ, ಹೊಡೆಯುವಂತಿಲ್ಲ, ಕೂಡಿಹಾಕುವ ಮಾತನ್ನಂತೂ ಆಡುವಂತಿಲ್ಲ. ನನ್ನಿವಾಳ ಎಂಬ ಊರಿನ ಕಡೆಯಿಂದ ಮೇಯುತ್ತ ಬಂದ ಎತ್ತು ಹೊಲದಲ್ಲಿ ಕಂಡರೆ ಅದು ದೇವರದೋ ಮನುಷ್ಯರದೋ ಎಂದು ಯಾರು ಕೇಳುತ್ತಾರೆ? ರೈತರು ಕೈ ಮುಗಿದು, "ಹೊಟ್ಟೆ ತುಂಬಿದ ಮ್ಯಾಲೆ ಹೋಗಪ್ಪಾ" ಎಂದು ಬಿಟ್ಟುಬಿಡುತ್ತಿದ್ದರು. ಈ ಭಕ್ತಿಯ ಲಾಭವನ್ನು ಮನುಷ್ಯರ ಎತ್ತುಗಳೂ ಧಾರಾಳವಾಗಿ ಪಡೆದುಕೊಂಡಿದ್ದವು.

ಆದರೂ ದೊಡ್ಡಿಗೆ ಕಾವಲುಗಾರ ಇದ್ದ. ಅವನೇ ಬುಡೇನ್ ಸಾಬ್. ಅವನ ಅಪ್ಪನೂ ಇದೇ ದೊಡ್ಡಿಯ ಕಾವಲುಗಾರ. ಬುಡೇನ್ ಸಾಬ್ ಹುಟ್ಟಿದ್ದು ಆ ಕೋಣೆಯಲ್ಲಿ, ಮದುವೆಯಾಗಿ ರಜಿಯಾ ಬೇಗಂಳನ್ನು ಕರೆತಂದದ್ದು ಆ ಕೋಣೆಗೆ, ಫರ್ಜಾನಾ ಮತ್ತು ತಬಸ್ಸುಮ್ ಎಂಬ ಇಬ್ಬರು ಹೆಣ್ಣುಮಕ್ಕಳನ್ನು ಬೇವಿನ ಮರಕ್ಕೆ ಶಾಮಿಯಾನ ಕಟ್ಟಿ ಮದುವೆ ಮಾಡಿಕೊಟ್ಟದ್ದೂ ಅಲ್ಲಿಂದಲೇ. ದಿನಾ ಬೆಳಿಗ್ಗೆ ಇಲ್ಲದ ದನದ ಸಗಣಿಯನ್ನು ಗುಡಿಸಿ, ಬಾನಿಗೆ ನೀರು ತುಂಬಿ, ಪಂಚಾಯಿತಿಗೆ ಹೋಗಿ "ಇವತ್ತು ಸೊನ್ನೆ ಸಾರ್" ಎಂದು ವರದಿ ಒಪ್ಪಿಸಿ ಬರುತ್ತಿದ್ದ. ಅವನ ಕೆಲಸ ಇನ್ನೂ ತಾತ್ಕಾಲಿಕವಾಗಿಯೇ ಇತ್ತು. ಅಪ್ಪನದು ಸಾಯುವ ತನಕ ತಾತ್ಕಾಲಿಕವಾಗಿಯೇ ಇತ್ತು.

ಆ ವರ್ಷ ತಾಲ್ಲೂಕಿನಿಂದ ಒಂದು ಸುತ್ತೋಲೆ ಬಂತು. ಮಾರ್ಚ್ ಮೂವತ್ತೊಂದರಂದು ಯಾವ ದೊಡ್ಡಿಯಲ್ಲಿ ಕನಿಷ್ಠ ಒಂದು ಜಾನುವಾರು ಕಂಡುಬರುವುದಿಲ್ಲವೋ ಅಂಥ ದೊಡ್ಡಿಯನ್ನು ರದ್ದುಪಡಿಸಿ, ಕಾವಲುಗಾರನನ್ನು ಗೌರವಪೂರ್ವಕವಾಗಿ ತೆರವುಗೊಳಿಸಿ, ಸದರಿ ಜಾಗದಲ್ಲಿ ವಾಣಿಜ್ಯ ಮಳಿಗೆ ಕಟ್ಟತಕ್ಕದ್ದು.

"ಗೌರವಪೂರ್ವಕವಾಗಿ ಅಂದ್ರೆ ಪಾತ್ರೆ ಅವರೇ ಹೊರಗಿಡ್ತಾರಾ, ನಾವೇ ಇಡಬೇಕಾ?" ಎಂದು ರಜಿಯಾ ಬೇಗಂ ಕೇಳಿದಳು.

ಆ ಕೋಣೆ ಬಿಟ್ಟರೆ ಬುಡೇನ್ ಸಾಬನಿಗೆ ತಲೆ ಇಡಲು ಬೇರೆ ಜಾಗವಿರಲಿಲ್ಲ.

"ನಮ್ಮ ಮೇಕೇನೇ ಒಳಗೆ ಕಟ್ಟಿ ಬರ್ಕೊಳ್ರಿ ಅತ್ಲಾಗೆ."

"ಅದು ಯಾರ ಹೊಲಕ್ಕೂ ನುಗ್ಗಿಲ್ಲ ಕಣೇ. ಸುಳ್ಳು ಬರಿಯಾಕಾಗಲ್ಲ."

"ಹಂಗಾದ್ರೆ ನುಗ್ಸಿ ಬರ್ರಿ."

"ನಾನು ನುಗ್ಸಿದ್ರೆ ಅದು ತಾನಾಗಿ ನುಗ್ಗಿದಂಗೆ ಆಗಲ್ಲ. ತಾನಾಗಿ ನುಗ್ಗಬೇಕು ಅಂತೈತೆ ನಿಯಮ."

"ಯಾ ಅಲ್ಲಾ, ಈ ನಿಯಮದ ಮನುಷ್ಯನಿಗೆ ಒಂದು ದನ ಕೊಡು," ಎಂದು ರಜಿಯಾ ಬೇಗಂ ಆಕಾಶ ನೋಡಿದಳು. ಆಕಾಶದಲ್ಲಿ ಆಗ ಏನೂ ಇರಲಿಲ್ಲ. ಏನು ಬರಲಿದೆಯೆಂಬುದು ಚಳ್ಳಕೆರೆಯಲ್ಲಿ ತೀರ್ಮಾನವಾಗುತ್ತಿತ್ತು.

ಚಳ್ಳಕೆರೆಯಲ್ಲಿ ಬೊಮ್ಮಲಿಂಗಪ್ಪನವರ ಶೇಂಗಾ ಎಣ್ಣೆ ಮಿಲ್ಲು ಇತ್ತು. ಅವರ ಮಗ ಶಶಿಕಾಂತ್ ಎಲ್ಲೋ ಹೋಗಿ ವಿಮಾನ ಹಾರಿಸುವುದನ್ನು ಕಲಿತು ಬಂದಿದ್ದ. ಲಾರಿ ಓಡಿಸಲು ಬಾರದ ಮಗ ವಿಮಾನವನ್ನಾದರೂ ಓಡಿಸಲಿ ಎಂದು ಅಪ್ಪ ಒಂದು ಹಳೆಯ ನಾಲ್ಕು ಸೀಟಿನ ವಿಮಾನ ಕೊಡಿಸಿದರು. ಮಿಲ್ಲಿನ ಹಿಂದೆ ಶೇಂಗಾ ಒಣಗಿಸುವ ಕಣವನ್ನೇ ಉದ್ದ ಮಾಡಿ ಅದರ ಮೇಲಿಂದ ಶಶಿಕಾಂತ್ ಬಳ್ಳಾರಿಯ ಏಜೆಂಟರನ್ನು ನೋಡಲು ಹಾರಿ ಹೋಗುತ್ತಿದ್ದ. ಈ ಕಣಕ್ಕೆ ವಿಮಾನದ ಇಲಾಖೆಯ ಪರವಾನಗಿ ಇರಲಿಲ್ಲ, ಶೇಂಗಾ ಇಲಾಖೆಯದು ಇತ್ತು.

ಎಲ್ಲವೂ ಸರಿಯಾಗಿಯೇ ನಡೆಯುತ್ತಿದ್ದಾಗ ಎಂಜಿನ್ನಿನ ಎಣ್ಣೆ ಬದಲಿಸುವ ಕಾಲ ಬಂತು. ಶಶಿಕಾಂತ್ ವಿಮಾನದ ಎಣ್ಣೆಯ ಒಂದು ಡಬ್ಬಿ ತರಿಸುತ್ತೇನೆಂದ. ಬೊಮ್ಮಲಿಂಗಪ್ಪನವರು ಊಟದ ತಟ್ಟೆಯಿಂದ ಕೈ ಎತ್ತಿದರು.

"ಏನಂದಿ? ಎಣ್ಣೆ ಕೊಳ್ತೀಯಾ? ಊರಿಗೆಲ್ಲ ಎಣ್ಣೆ ಮಾರೋ ಮನೇಗೆ ಹೊರಗಿನ ಎಣ್ಣೆ ತರ್ತೀಯಾ? ಅಂಗೈಯಾಗೆ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಅಲೆದಂಗೆ ಆತಲ್ಲೋ!"

"ಅಪ್ಪಾಜಿ, ಅದು ಬೇರೆ ಎಣ್ಣೆ..."

"ನಮ್ಮದರಕಿಂತ ಚೆನ್ನಾಗೈತಾ?"

ಈ ಪ್ರಶ್ನೆಗೆ ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಹೌದು ಎಂದಿರಲಿಲ್ಲ. ಶಶಿಕಾಂತನೂ ಎನ್ನಲಿಲ್ಲ. ವಿಮಾನಕ್ಕೆ ಶೇಂಗಾ ಎಣ್ಣೆ ಹಾಕಲಾಯಿತು, ಅದೂ ಎರಡು ಸಲ ಸೋಸಿದ್ದು.

ವಿಮಾನ ಮೊಳಕಾಲ್ಮೂರು ತಾಲ್ಲೂಕಿನವರೆಗೆ ಬಂತು. ಮೊದಲು ಮೆಣಸಿನಕಾಯಿ ಬಜ್ಜಿ ಕರಿದ ವಾಸನೆ, ಆಮೇಲೆ ಕೆಮ್ಮು, ಆಮೇಲೆ ಸದ್ದೇ ಇಲ್ಲ. ಶಶಿಕಾಂತ್ ಕಲಿತ ಸಮಸ್ತ ವಿದ್ಯೆಯನ್ನೂ ಮರೆತು ಕಿಟಕಿಗೆ ಬಗ್ಗಿದ. ಕೆಳಗೆ ಹಸಿರಾಗಿ ಒಂದು ಉದ್ದನೆಯ ಪಟ್ಟಿ ಕಂಡಿತು. ವಿಮಾನ ಸದ್ದಿಲ್ಲದೆ ತೇಲಿ ಬಂದು ಅಲ್ಲಿ ಇಳಿಯಿತು, ಕುಪ್ಪಳಿಸಿತು, ಮತ್ತೆ ಇಳಿಯಿತು, ಶೇಂಗಾ ಗಿಡಗಳನ್ನು ಬೇರು ಸಹಿತ ಕಿತ್ತುಕೊಂಡು ಹೋಗಿ ಬದುವಿಗೆ ಮೂತಿ ತಾಗಿಸಿ ನಿಂತಿತು.

ಅದು ಜಾಲಿಹಟ್ಟಿಯ ಕೊಟ್ರಮ್ಮನ ಬೋರ್‌ವೆಲ್ ನೀರಿನ ಶೇಂಗಾ. ಕೊಟ್ರಮ್ಮ ಎಂದರೆ ಗಂಡ ಸತ್ತ ಮೇಲೆ ಆ ಹೊಲವನ್ನೂ ನಾಲ್ಕು ಜನ ಮೈದುನರನ್ನೂ ಒಬ್ಬಳೇ ಹತೋಟಿಯಲ್ಲಿಟ್ಟುಕೊಂಡ ಹೆಂಗಸು. ಕೈಯಲ್ಲಿ ಬಾರುಕೋಲು ಹಿಡಿದೇ ಬಂದಳು.

"ಯಾರ್ದಲೇ ಇದು?"

"ನಂದೇ ಅಮ್ಮ," ಎಂದ ಶಶಿಕಾಂತ್, ಬಾಗಿಲು ತೆರೆದು ಇಳಿಯುತ್ತ.

"ನಿಂದಾದ್ರೆ ಮನ್ಯಾಗೆ ಕಟ್ಟಾಕ್ಕಬಾರ್ದೇನ್ಲೇ? ಕಂಡೋರ ಹೊಲಕ್ಕೆ ಬಿಟ್ಟು ಮೇಯಿಸ್ತೀಯಾ?"

ಕೊಟ್ರಮ್ಮ ಮೊದಲು ಫೋನು ಮಾಡಿಸಿದ್ದು ಪೊಲೀಸರಿಗೆ. ಯಾರಾದರೂ ಸತ್ತಿದ್ದಾರೆಯೇ ಎಂದು ಅವರು ಕೇಳಿದರು. ಇಲ್ಲವೆಂದಾಗ, ಸತ್ತ ಮೇಲೆ ತಿಳಿಸಿ ಎಂದರು. ಕಂದಾಯದವರು ಇದು ಚರಾಸ್ತಿಯೋ ಸ್ಥಿರಾಸ್ತಿಯೋ ಎಂದು ವಿಚಾರಿಸಿದರು. ಬೆಳಿಗ್ಗೆ ಚರವಾಗಿತ್ತು, ಈಗ ಸ್ಥಿರವಾಗಿದೆ ಎಂದು ಉತ್ತರ ಹೋಯಿತು. ಹಾಗಾದರೆ ಮತ್ತೆ ಚರವಾಗುವವರೆಗೆ ಕಾಯಿರಿ ಎಂದರು. ಆಗ ಕೊಟ್ರಮ್ಮ ತನ್ನ ಅತ್ತೆ, ಅತ್ತೆಯ ಅತ್ತೆ ಮಾಡುತ್ತಿದ್ದುದನ್ನೇ ಮಾಡಿದಳು. ದೊಡ್ಡಿಗೆ ಬಂದು ಗೇಟು ಬಡಿದಳು.

"ಬುಡೇನ್ ಸಾಬಾ, ನನ್ನ ಹೊಲಕ್ಕೆ ನುಗ್ಗೈತೆ. ಬಂದು ಹೊಡ್ಕೊಂಡು ಹೋಗು."

ಆ ಮಾತು ಕಿವಿಗೆ ಬಿದ್ದು ಬುಡೇನ್ ಸಾಬನ ಕಣ್ಣು ತುಂಬಿಬಂತು. ಇಪ್ಪತ್ತು ವರ್ಷದಿಂದ ಅವನು ಕಾದಿದ್ದ ಮಾತು ಅದು. ಹಗ್ಗ ತೆಗೆದುಕೊಂಡು ಓಡಿದ. ಹೊಲದಲ್ಲಿ ವಿಮಾನವನ್ನು ಕಂಡು ಒಂದು ಗಳಿಗೆ ನಿಂತ. ಸುತ್ತ ಒಂದು ಸುತ್ತು ಬಂದ.

"ಕೊಟ್ರಮ್ಮೋರೆ, ಇದು ವಿಮಾನ ಅಲ್ವೇನ್ರಿ?"

"ನನಗ್ಯಾಕಪ್ಪ ಅದೆಲ್ಲ? ನುಗ್ಗಿದ್ದು ಹೌದೋ ಅಲ್ಲೋ?"

"ಹೌದ್ರಿ."

"ಬೆಳೆ ಹಾಳಾಗಿದ್ದು ಹೌದೋ ಅಲ್ಲೋ?"

ಬುಡೇನ್ ಸಾಬನಿಗೆ ನಿಯಮ ಬಾಯಿಪಾಠವಿತ್ತು. ಪರರ ಹೊಲಕ್ಕೆ ತಾನಾಗಿ ನುಗ್ಗಿ, ಪೈರು ಹಾಳುಮಾಡಿ, ವಾರಸುದಾರನ ಹಿಡಿತಕ್ಕೆ ಸಿಗದೆ ಓಡಾಡುವಂಥದ್ದನ್ನು ದೊಡ್ಡಿಗೆ ಸೇರಿಸತಕ್ಕದ್ದು. ಅವನು ಶಶಿಕಾಂತನ ಕಡೆ ತಿರುಗಿದ. "ಅಪ್ಪಾ, ನೀನು ಬೇಕಂತ ಇಳಿಸಿದ್ದಾ?"

"ಇಲ್ಲ ಕಾಕಾ, ಎಂಜಿನ್ ನಿಂತೋಯ್ತು. ನನ್ನ ಕೈ ಮೀರಿ ಬಂತು."

"ತಾನಾಗಿ ನುಗ್ಗೈತೆ," ಎಂದು ಬುಡೇನ್ ಸಾಬ್ ಮೂತಿಗೆ ಹಗ್ಗ ಬಿಗಿದ.

ನಾಲ್ಕು ಜೊತೆ ಎತ್ತು ಕಟ್ಟಿ ಎಳೆದರು. ಬೇರೊಂದು ಜಾನುವಾರನ್ನು ದೊಡ್ಡಿಗೆ ಸಾಗಿಸುವ ಕೆಲಸಕ್ಕೆ ಎತ್ತುಗಳು ತಕರಾರು ಮಾಡಲಿಲ್ಲ. ದೊಡ್ಡಿಯ ಗೋಡೆ ಎದೆಮಟ್ಟ, ವಿಮಾನದ ರೆಕ್ಕೆ ತಲೆಮಟ್ಟ. ಗೇಟಿನಲ್ಲಿ ಗಾಲಿಗಳು ನುಸುಳಿದವು, ಗೋಡೆಯ ಮೇಲೆ ರೆಕ್ಕೆಗಳು ನುಸುಳಿದವು. ಅಳತೆ ತೆಗೆದು ಕಟ್ಟಿಸಿದಂತಿದೆ ಎಂದು ಜನ ಹಿರಿಯರನ್ನು ಹೊಗಳಿದರು. ರಜಿಯಾ ಬೇಗಂ ನಡುಗುತ್ತಿದ್ದ ಶಶಿಕಾಂತನನ್ನು ಬೇವಿನ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟಳು. ಬೇಡಿದ್ದು ದನವಾದರೂ ಬಂದದ್ದನ್ನು ಅವಳು ತಿರಸ್ಕರಿಸಲಿಲ್ಲ.

ಪಂಚಾಯಿತಿ ಕಾರ್ಯದರ್ಶಿ ಪಾತಣ್ಣ ದಾಖಲೆಗೆ ಬಂದ. ಅವನು ಆಂಧ್ರದ ಗಡಿಯ ಕಡೆಯವನು, ಗಾಬರಿಯಾದಾಗ ತೆಲುಗು ಬರುತ್ತಿತ್ತು. "ಅಯ್ಯೋ ದೇವುಡಾ," ಎಂದು ಪೆನ್ನು ಹಿಡಿದುಕೊಂಡು ನಿಂತ. "ಏನಂತ ಬರಿಯೋದೋ ಸಾಬಾ?"

"ಕಾಣೋದನ್ನ ಬರೀರಿ ಸಾರ್. ಸುಳ್ಳು ಬ್ಯಾಡ."

ಪಾತಣ್ಣ ಕಾಣುವುದನ್ನೇ ಬರೆದ. ಬಣ್ಣ: ಬಿಳಿ, ಪಕ್ಕೆಯಲ್ಲಿ ಕೆಂಪು ಪಟ್ಟೆ. ಕೊಂಬು: ಎರಡು, ಅಡ್ಡಲಾಗಿ ಚಾಚಿವೆ. ಬಾಲ: ಇದೆ, ಬೀಸುವುದಿಲ್ಲ. ಕಾಲು: ಮೂರು, ಹುಟ್ಟಿನಿಂದ. ಸುಳಿ: ಮೂತಿಯ ಮೇಲೆ ಒಂದು, ತಿರುಗುವಂಥದ್ದು. ಸ್ವಭಾವ: ಸಾಧು.

ದೊಡ್ಡಿಗೆ ಬಂದ ಪ್ರಾಣಿಯನ್ನು ಪಶುವೈದ್ಯರು ನೋಡಲೇಬೇಕು. ರಾಂಪುರದಿಂದ ಡಾಕ್ಟರ್ ದೀಪಿಕಾ ಬಂದರು. ಹೊಸದಾಗಿ ಕೆಲಸಕ್ಕೆ ಸೇರಿದವರು. ಇಲಾಖೆಯಲ್ಲಿ ಏನು ಕೇಳಬಹುದು ಏನು ಕೇಳಬಾರದು ಎಂಬುದು ಅವರಿಗಿನ್ನೂ ತಿಳಿಯದು, ಆದ್ದರಿಂದ ಏನನ್ನೂ ಕೇಳಲಿಲ್ಲ. ಮೂತಿಯ ಮುಚ್ಚಳ ತೆಗೆಸಿ, ಎಣ್ಣೆ ಅಳೆಯುವ ಕಡ್ಡಿ ಎಳೆದು, ಮೂಸಿ ನೋಡಿದರು. "ಇದಕ್ಕೆ ಕೊಡಬಾರದ್ದನ್ನು ಕುಡಿಸಿದ್ದಾರೆ. ಹೊಟ್ಟೆಯಲ್ಲಿ ಗಟ್ಟಿಯಾಗಿದೆ," ಎಂದು ಹೇಳಿ ಚೀಟಿ ಬರೆದರು: ಶೇಂಗಾ ಎಣ್ಣೆ ಕುಡಿಸಬಾರದು. ವಿಶ್ರಾಂತಿ ಅಗತ್ಯ.

ನಿಯಮದಂತೆ ಬುಡೇನ್ ಸಾಬ್ ದಿನಾ ಒಂದು ಹೊರೆ ಮೇವನ್ನು ವಿಮಾನದ ಮುಂದೆ ಹಾಕಿದ. ಸಂಜೆಗೆ ಮೇವು ಖಾಲಿಯಾಗಿರುತ್ತಿತ್ತು. ಅವನ ಮೇಕೆ ಆ ದಿನಗಳಲ್ಲಿ ಚೆನ್ನಾಗಿ ಮೈ ತುಂಬಿಕೊಂಡಿತು. ಎರಡಕ್ಕೂ ಸಂಬಂಧ ಕಲ್ಪಿಸುವುದು ಪಂಚಾಯಿತಿಯ ಕೆಲಸವಲ್ಲ.

ಅಷ್ಟರಲ್ಲಿ ಬೆಂಗಳೂರಿನ, ವಿಮಾನಗಳ ಉಸ್ತುವಾರಿ ನೋಡುವ ಕಚೇರಿಯಿಂದ ಒಂದು ಕಾಗದ ಬಂತು. ತಮ್ಮ ವ್ಯಾಪ್ತಿಯಲ್ಲಿ ಅನುಮತಿಯಿಲ್ಲದೆ ವಿಮಾನವೊಂದು ಇಳಿದಿದೆಯೆಂದು ತಿಳಿದುಬಂದಿದೆ, ನಿಜವಾದಲ್ಲಿ ತನಿಖೆಗೆ ಬರಲಾಗುವುದು. ಶಶಿಕಾಂತನ ಮುಖ ಬಿಳಿಚಿತು. ಬೊಮ್ಮಲಿಂಗಪ್ಪನವರು ಕಣದಲ್ಲಿ ಮತ್ತೆ ಶೇಂಗಾ ಹರಡಿಸಿದರು. ಆದರೆ ಪಾತಣ್ಣ ದಾಖಲೆಯನ್ನು ಮುಂದಿಟ್ಟುಕೊಂಡು ಸತ್ಯವನ್ನೇ ಬರೆದು ಕಳಿಸಿದ. "ನಮ್ಮ ದಾಖಲೆಗಳ ಪ್ರಕಾರ ಯಾವುದೇ ವಿಮಾನ ಇಳಿದಿರುವುದಿಲ್ಲ. ಮೂರು ಕಾಲಿನ ಬಿಳಿ ಜಾನುವಾರೊಂದು ಹೊಲಕ್ಕೆ ನುಗ್ಗಿದ್ದು ನಿಜ. ಅದನ್ನು ಕಟ್ಟಿಹಾಕಿ ಮೇವು ಹಾಕಲಾಗುತ್ತಿದೆ." ಬೆಂಗಳೂರಿನಿಂದ ಕೂಡಲೇ ಉತ್ತರ ಬಂತು. ವಿಷಯವು ಪಶುಸಂಗೋಪನೆಗೆ ಸಂಬಂಧಿಸಿದ್ದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಇಷ್ಟು ಬೇಗ ಯಾವ ಕಚೇರಿಯೂ ಯಾವ ಕಡತವನ್ನೂ ಮುಗಿಸಿದ್ದಿಲ್ಲ.

ಎಲ್ಲರಿಗಿಂತ ಸಂತೋಷವಾದದ್ದು ಬುಡೇನ್ ಸಾಬನಿಗೆ. ಮಾರ್ಚ್ ಮೂವತ್ತೊಂದಕ್ಕೆ ತಾಲ್ಲೂಕಿನಿಂದ ಇನ್‌ಸ್ಪೆಕ್ಟರ್ ಚಿಕ್ಕೀರಪ್ಪನವರು ಬರುತ್ತಾರೆ, ದೊಡ್ಡಿಯಲ್ಲಿ ಜಾನುವಾರು ನಿಂತಿರುತ್ತದೆ, ಕೋಣೆ ಉಳಿಯುತ್ತದೆ. ರಾತ್ರಿ ಎದ್ದು ರೆಕ್ಕೆಯ ಕೆಳಗೆ ನಿಂತು ಅದರ ಹೊಟ್ಟೆ ಸವರಿ ಬರುತ್ತಿದ್ದ. ಇಲಾಖೆಯ ಯಾವ ಸಾಹೇಬನೂ ಅವನಿಗೆ ಇಷ್ಟು ಉಪಕಾರ ಮಾಡಿರಲಿಲ್ಲ.

ಆದರೆ ಆ ವರ್ಷ ಉಗಾದಿ ಮಾರ್ಚ್ ಮೂವತ್ತಕ್ಕೇ ಬಂತು. ಉಗಾದಿಗೆ ಬೊಮ್ಮಲಿಂಗಪ್ಪನವರ ಹೊಸ ಎಣ್ಣೆ ಡಬ್ಬಿ ಮಾರುಕಟ್ಟೆಗೆ ಬರುವುದಿತ್ತು. ವಿಮಾನದಿಂದ ಕರಪತ್ರ ಉದುರಿಸಬೇಕೆಂದು ಅವರು ಮೊದಲೇ ಅಚ್ಚು ಹಾಕಿಸಿದ್ದರು. ಕರಪತ್ರದಲ್ಲಿ ಹೀಗಿತ್ತು: ಒಮ್ಮೆ ಬಳಸಿದವರು ಮತ್ತೆ ಬಂದೇ ಬರುತ್ತಾರೆ. ಹಬ್ಬದ ಹಿಂದಿನ ದಿನ ದಂಡ ಕಟ್ಟಲು ಸಿದ್ಧರಾಗಿ ಮಗನನ್ನೂ ಕೂರಿಸಿಕೊಂಡು ಜೀಪಿನಲ್ಲಿ ಬಂದರು. ಅಷ್ಟರಲ್ಲಿ ಲಾರಿ ಮೆಕ್ಯಾನಿಕ್ ಇಫ್ತಿಕಾರ್ ವಿಮಾನದ ಎಂಜಿನ್ನನ್ನು ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಬಜ್ಜಿಯ ವಾಸನೆ ಹೋಗುವವರೆಗೆ ತಿಕ್ಕಿ ಜೋಡಿಸಿಟ್ಟಿದ್ದ. ಹೊಸ ಎಣ್ಣೆ ತುಂಬುವುದೊಂದೇ ಬಾಕಿಯಿತ್ತು.

"ಎರಡು ದಿನ ಬಿಟ್ಟು ಕರ್ಕೊಂಡು ಹೋಗ್ರಿ ಸಾವ್ಕಾರ್ರೆ," ಎಂದು ಬುಡೇನ್ ಸಾಬ್ ಬೇಡಿಕೊಂಡ.

"ಯಾಕೆ? ನಿಯಮ ಐತಾ?"

ಇಲ್ಲವೆಂದು ಬುಡೇನ್ ಸಾಬನಿಗೆ ಗೊತ್ತಿತ್ತು. ದಂಡ ಕಟ್ಟಿದ ವಾರಸುದಾರನನ್ನು ತಡೆಯುವಂತಿಲ್ಲ. ರಶೀದಿ ಹರಿದುಕೊಟ್ಟ. ಇನ್ನು ಉಳಿದದ್ದು ಒಂದೇ ವಿಧಿ, ಬಿಡುಗಡೆಗೆ ಮುಂಚೆ ಪಶುವೈದ್ಯರ ಚೀಟಿಯನ್ನು ವಾರಸುದಾರನಿಗೆ ಓದಿ ಹೇಳುವುದು. ಚೀಟಿ ಕೈಯಲ್ಲಿ ಹಿಡಿದ. ಬಾಗಿಲಲ್ಲಿ ನಿಂತ ರಜಿಯಾ ಬೇಗಂ ಕಣ್ಣಲ್ಲೇ ಬೇಡವೆಂದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಓದಿದರೆ ವಿಮಾನಕ್ಕೆ ಸರಿಯಾದ ಎಣ್ಣೆ ಬೀಳುತ್ತದೆ, ಮತ್ತೆಂದೂ ಈ ಕಡೆ ಬರುವುದಿಲ್ಲ. ಓದದಿದ್ದರೆ ನಾಳೆಯೋ ನಾಡಿದ್ದೋ ಇನ್ನೊಮ್ಮೆ ನುಗ್ಗಬಹುದು. ಕೋಣೆ ಉಳಿಯಬಹುದು.

ಬುಡೇನ್ ಸಾಬ್ ಶಶಿಕಾಂತನ ಕಡೆ ನೋಡಿದ. ಆ ಹುಡುಗ ಮೊದಲ ದಿನ ಚಹಾ ಲೋಟವನ್ನು ಎರಡು ಕೈಯಲ್ಲಿ ಹಿಡಿದರೂ ಚೆಲ್ಲಿಕೊಂಡಿದ್ದ. "ಅಪ್ಪಾಜಿಗೆ ಹೇಳೋಕಾಗಲ್ಲ ಕಾಕಾ," ಎಂದಿದ್ದ. ಮುಂದಿನ ಸಲ ಹೊಲ ಸಿಗದೆ ಬಂಡೆ ಸಿಕ್ಕರೆ? ಬುಡೇನ್ ಸಾಬನಿಗೆ ಕೋಣೆಯ ಆಸೆ ಇತ್ತು, ಬಹಳ ಇತ್ತು. ಆದರೂ ಗಂಟಲು ಸರಿಮಾಡಿಕೊಂಡು ಊರಿಗೆಲ್ಲ ಕೇಳುವಂತೆ ಓದಿದ: "ಶೇಂಗಾ ಎಣ್ಣೆ ಕುಡಿಸಬಾರದು!"

ರಜಿಯಾ ಬೇಗಂ ಒಳಗೆ ಹೋಗಿ ಪಾತ್ರೆ ಕಟ್ಟತೊಡಗಿದಳು.

ಬೊಮ್ಮಲಿಂಗಪ್ಪನವರ ಮುಖ ಮೆಣಸಿನಕಾಯಿಯಾಯಿತು. "ಏನಂದ್ಯೋ ಸಾಬಾ? ನಲವತ್ತು ವರ್ಷದಿಂದ ಈ ಸೀಮೆ ಬಾಣಂತಿಯರು ತಿಂದ ಎಣ್ಣೆ ಇದು. ಒಂದು ಕೂಸಿಗೆ ಹೊಟ್ಟೆನೋವು ಬಂದಿಲ್ಲ. ಈ ತಗಡಿಗೆ ಆಗಿಬರಲ್ವಂತಾ? ಹಬ್ಬದ ಹಿಂದ್ಲ ದಿನ, ಹತ್ತು ಜನರ ಎದುರಿಗೆ ನಮ್ಮ ಎಣ್ಣೆಗೆ ಹೆಸರಿಡ್ತೀಯಾ?"

"ನಾನಲ್ರಿ, ಡಾಕ್ಟರಮ್ಮ..."

"ಜೀಪಿನಾಗಿಂದ ಹೊಸ ಡಬ್ಬಿ ತಗೊಂಬರ್ರೋ!"

ಇಫ್ತಿಕಾರ್ ಪರೀಕ್ಷೆಗೆಂದು ಹಾಕಿದ್ದ ಒಂದಿಷ್ಟು ಲಾರಿ ಎಣ್ಣೆಯನ್ನು ನೆಲಕ್ಕೆ ಸುರಿಸಿ, ಬೊಮ್ಮಲಿಂಗಪ್ಪನವರು ತಮ್ಮ ಕೈಯಾರೆ ಡಬ್ಬಿಯ ಸೀಲು ಒಡೆದು, ಎಲ್ಲರಿಗೂ ತೋರಿಸಿ, ಧಾರೆ ಎರೆದಂತೆ ಎಂಜಿನ್ನಿಗೆ ಎರೆದರು. ಇಬ್ಬರು ಚಪ್ಪಾಳೆ ತಟ್ಟಿದರು. ಶಶಿಕಾಂತ್ ಕಣ್ಣು ಮುಚ್ಚಿಕೊಂಡಿದ್ದ.

ಬಿಡುಗಡೆಯಾದ ಜಾನುವಾರನ್ನು ಹಗ್ಗ ಹಿಡಿದು ಊರ ಗಡಿ ದಾಟಿಸಬೇಕು. ಬುಡೇನ್ ಸಾಬ್ ಹಗ್ಗ ಹಿಡಿದು ಮುಂದೆ ನಡೆದ, ಎತ್ತುಗಳು ಎಳೆದವು, ಜನ ಹಿಂದೆ ನಡೆದರು. ಗಡಿಕಲ್ಲಿನಾಚೆ ಗಟ್ಟಿ ನೆಲದ ಬಯಲು. ಹಗ್ಗ ಬಿಚ್ಚುವಾಗ ಬುಡೇನ್ ಸಾಬ್ ಹುಡುಗನಿಗೆ ಪಿಸುಗುಟ್ಟಿದ. "ಬಾಳ ಮ್ಯಾಲೆ ಹೋಗಬ್ಯಾಡ ಕಣಪ್ಪ."

"ಮೇಲಿದ್ರೇ ಒಳ್ಳೇದು ಕಾಕಾ. ನಿಂತೋದ್ರೆ ತೇಲಿಕೊಂಡು ಬರೋಕೆ ದೂರ ಸಿಗುತ್ತೆ."

"ಹಂಗಾದ್ರೆ ಎಷ್ಟಾಗುತ್ತೋ ಅಷ್ಟು ಮ್ಯಾಲೆ ಹೋಗು. ಕೊಟ್ರಮ್ಮೋರ ಹೊಲ ಮಾತ್ರ ಕಣ್ಣಾಗಿರ್ಲಿ."

ವಿಮಾನ ಹಾರಿತು. ಬುಡೇನ್ ಸಾಬ್ ಖಾಲಿ ಹಗ್ಗ ಸುತ್ತಿಕೊಂಡು ಮನೆಗೆ ಬಂದ. ಉಗಾದಿಯ ದಿನ ಚಳ್ಳಕೆರೆಯ ಮೇಲೆ ಕರಪತ್ರಗಳು ಸುರಿದವಂತೆ. ಮಾಳಿಗೆಗಳ ಮೇಲೆಲ್ಲ ಬಿದ್ದವಂತೆ. ವಿಮಾನ ಸರಾಗವಾಗಿ ಹಾರಿತಂತೆ. ಸುದ್ದಿ ಕೇಳಿ ಬುಡೇನ್ ಸಾಬನಿಗೆ ಹುಡುಗನ ಬಗ್ಗೆ ಸಮಾಧಾನವಾಯಿತು, ತನ್ನ ಬಗ್ಗೆ ಅಳು ಬಂತು. ಎರಡನ್ನೂ ಒಟ್ಟಿಗೆ ಮಾಡಿದ.

ಮರುದಿನ ವರ್ಷತೊಡಕು. ಅವತ್ತು ಏನು ನಡೆಯುತ್ತದೋ ವರ್ಷವಿಡೀ ಅದೇ ನಡೆಯುತ್ತದೆಂದು ಈ ಕಡೆಯ ನಂಬಿಕೆ. ಆದ್ದರಿಂದ ಅವತ್ತು ಯಾರೂ ಅಳುವುದಿಲ್ಲ, ಯಾರೂ ಕೆಲಸಕ್ಕೂ ಹೋಗುವುದಿಲ್ಲ. ಚಿಕ್ಕೀರಪ್ಪನವರು ಮಾತ್ರ ಕರ್ತವ್ಯದ ಮೇಲೆ ಬಂದರು. ದೊಡ್ಡಿಯ ಹೊರಗೆ ಕಟ್ಟಿಟ್ಟ ಪಾತ್ರೆಗಳ ಗಂಟು, ಟ್ರಂಕು, ಮೇಕೆ.

"ಜಾನುವಾರು ಎಲ್ಲಿ?"

"ಮೊನ್ನೆ ಬಿಟ್ಟೆ ಸಾರ್. ವಾರಸುದಾರರು ದಂಡ ಕಟ್ಟಿದ್ರು."

"ಇವತ್ತು ಎಷ್ಟು?"

"ಸೊನ್ನೆ ಸಾರ್," ಎಂದ ಬುಡೇನ್ ಸಾಬ್. ಇಪ್ಪತ್ತು ವರ್ಷ ಹೇಳಿದ ಮಾತೇ ಆದರೂ ಅವತ್ತು ದನಿ ಒಡೆಯಿತು.

ಪಾತಣ್ಣ ಮುಖ ತಿರುಗಿಸಿಕೊಂಡ. ಚಿಕ್ಕೀರಪ್ಪನವರು ಪೆನ್ನು ತೆರೆದರು. ಅದೇ ಹೊತ್ತಿಗೆ ಶಶಿಕಾಂತ್ ರಾಂಪುರದ ಮೇಲೆ ಎರಡನೇ ಕಂತಿನ ಕರಪತ್ರ ಉದುರಿಸಿ ವಾಪಸು ಬರುತ್ತಿದ್ದ. ದೂರದಲ್ಲಿ ಗುಂಯ್ ಎನ್ನುತ್ತಿದ್ದ ಸದ್ದು ಒಮ್ಮೆ ಕೆಮ್ಮಿ ನಿಂತಿತು. ಎಲ್ಲರೂ ತಲೆ ಎತ್ತಿದರು. ಜಟಿಂಗ ರಾಮೇಶ್ವರದ ಬೆಟ್ಟದ ಕಡೆಯಿಂದ ಬಿಳಿಯದೊಂದು ಸದ್ದಿಲ್ಲದೆ ತೇಲಿ ಬರುತ್ತಿತ್ತು. ಗಾಳಿಯಲ್ಲಿ ಸಣ್ಣಗೆ ಬಜ್ಜಿಯ ವಾಸನೆ. ಅದು ಬೇವಿನ ಮರದ ಮೇಲೆ ಹಾದು, ಉಳಿದಿದ್ದ ಒಂದೆರಡು ಕರಪತ್ರಗಳನ್ನು ಚಿಕ್ಕೀರಪ್ಪನವರ ತಲೆಯ ಮೇಲೆ ಉದುರಿಸಿ, ಬದುವಿನಾಚೆ ಮರೆಯಾಯಿತು. ಬುಡೇನ್ ಸಾಬ್ ಉಸಿರು ಬಿಗಿಹಿಡಿದ. ಢಬಾರೆಂಬ ಸದ್ದು ಬರಲಿಲ್ಲ. ಕೊಟ್ರಮ್ಮನ ದನಿ ಬಂತು.

"ಬುಡೇನ್ ಸಾಬಾ! ರುಚಿ ಹತ್ತೈತೆ ಕಣೋ ಇದಕ್ಕೆ! ಮತ್ತೆ ನನ್ನ ಹೊಲಾನೇ ಹುಡಿಕ್ಕೊಂಡು ಬಂತು! ಹುಡುಗ ಚೆಂದಾಗವ್ನೆ, ಹಗ್ಗ ತಗೊಂಡು ಬಾ!"

ಹುಡುಗ ಚೆನ್ನಾಗಿದ್ದಾನೆ ಎಂದು ಕೇಳಿದ ಮೇಲೆಯೇ ಬುಡೇನ್ ಸಾಬ್ ಹಗ್ಗಕ್ಕೆ ಓಡಿದ್ದು. ರಜಿಯಾ ಬೇಗಂ ಪಾತ್ರೆಯ ಗಂಟಿನ ಮೇಲೆ ಕೂತು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಚಿಕ್ಕೀರಪ್ಪನವರು ತಲೆಯ ಮೇಲಿನ ಕರಪತ್ರ ತೆಗೆದು ಓದಿದರು, ಒಮ್ಮೆ ಬಳಸಿದವರು ಮತ್ತೆ ಬಂದೇ ಬರುತ್ತಾರೆ. ವಿಮಾನ ಎತ್ತುಗಳ ಹಿಂದೆ ಗೇಟಿನೊಳಗೆ ನಡೆದು ಬಂದಾಗ ಅದರ ಸುಳಿಯನ್ನೂ ಬಾಲವನ್ನೂ ದಾಖಲೆಯೊಂದಿಗೆ ತಾಳೆ ನೋಡಿ, "ಅದೇ ಪ್ರಾಣಿ," ಎಂದು ದೃಢೀಕರಿಸಿದರು. ನುಗ್ಗುವ ಚಟದ ಜಾನುವಾರು ಇರುವ ಊರಿಗೆ ದೊಡ್ಡಿ ಅತ್ಯಗತ್ಯವೆಂದೂ, ಕಾವಲುಗಾರನನ್ನು ಖಾಯಂ ಮಾಡತಕ್ಕದ್ದೆಂದೂ ಷರಾ ಬರೆದರು.

ವರ್ಷತೊಡಕಿನ ದಿನ ನಡೆದದ್ದು ವರ್ಷವಿಡೀ ನಡೆಯದೆ ಇದ್ದೀತೇ? ವಿಮಾನ ಮೇಲಿಂದ ಮೇಲೆ ನುಗ್ಗತೊಡಗಿತು. ಎಷ್ಟು ಎಣ್ಣೆ ಹಾಕಿದರೆ ಎಲ್ಲಿ ನಿಲ್ಲುತ್ತದೆಂಬ ಅಂದಾಜು ಶಶಿಕಾಂತನಿಗೆ ಸಿಕ್ಕಿತು. ಅಪ್ಪನಿಗೆ ಎದುರು ಮಾತಾಡುವುದಕ್ಕಿಂತ ಎಂಜಿನ್ ಇಲ್ಲದೆ ಇಳಿಯುವುದೇ ಸುಲಭವೆಂದು ಅವನು ಕಂಡುಕೊಂಡ. ಈಗ ಅವನ ಕೈ ನಡುಗುವುದಿಲ್ಲ, ಚಹಾ ಚೆಲ್ಲುವುದಿಲ್ಲ. ಕೊಟ್ರಮ್ಮ ಆ ಪಟ್ಟಿಯಲ್ಲಿ ಹಾಳಾಗಲೆಂದೇ ಶೇಂಗಾ ಬಿತ್ತುತ್ತಾಳೆ. ಇಫ್ತಿಕಾರ್ ದೊಡ್ಡಿಯ ಪಕ್ಕದಲ್ಲೇ ಅಂಗಡಿ ಇಟ್ಟಿದ್ದಾನೆ. ಬೊಮ್ಮಲಿಂಗಪ್ಪನವರು ಡಬ್ಬಿಯ ಮೇಲೆ ವಿಮಾನದ ಚಿತ್ರ ಹಾಕಿಸಿದ್ದಾರೆ, ನಮ್ಮ ಎಣ್ಣೆ ಕುಡಿದದ್ದು ಎಷ್ಟು ದೂರ ಹೋದರೂ ಸೀಮೆ ಬಿಟ್ಟು ಹೋಗುವುದಿಲ್ಲ ಎಂದು ಎದೆ ತಟ್ಟಿಕೊಳ್ಳುತ್ತಾರೆ. ಸುತ್ತಲಿನ ಪಂಚಾಯಿತಿಗಳು ತಮ್ಮ ಖಾಲಿ ದೊಡ್ಡಿಗಳಿಗೂ ಒಂದೊಂದು ವಿಮಾನ ಮಂಜೂರು ಮಾಡಬೇಕೆಂದು ಅರ್ಜಿ ಹಾಕಿವೆ. ಅರ್ಜಿಗಳು ಪರಿಶೀಲನೆಯಲ್ಲಿವೆ. ಕೆಲಸದ ಅನುಕೂಲಕ್ಕಾಗಿ ತಾಲ್ಲೂಕಿನವರು ದೊಡ್ಡಿಯ ದಾಖಲೆಯ ಅಂಕಣಗಳನ್ನೂ ಹೊಸದಾಗಿ ಅಚ್ಚು ಹಾಕಿಸಿಕೊಟ್ಟರು.

ಮೊನ್ನೆ ಒಬ್ಬ ಹೊಸಬ ರೈತ, ಈ ಕಡೆಯ ಭಕ್ತಿ ಗೊತ್ತಿಲ್ಲದವನು, ಒಂದು ಕಂದು ಹಸುವನ್ನು ಹೊಡೆದುಕೊಂಡು ಬಂದ. ನಿಜವಾದ ಹಸು. ತನ್ನ ಈರುಳ್ಳಿ ಹೊಲಕ್ಕೆ ನುಗ್ಗಿದೆ ಎಂದ. ಪಾತಣ್ಣ ಹೊಸ ದಾಖಲೆ ತೆರೆದು ಹಸುವಿನ ಸುತ್ತ ಒಂದು ಸುತ್ತು ಬಂದ.

"ರೆಕ್ಕೆ?"

"ಇಲ್ರಿ."

"ಗಾಲಿ?"

"ಇಲ್ರಿ. ನಾಕು ಕಾಲದಾವೆ."

"ಒಂದು ಹೆಚ್ಚಾಯ್ತು. ಸುಳಿ?"

ರೈತ ಹಸುವಿನ ಹಣೆ ತೋರಿಸಿದ. ಪಾತಣ್ಣ ಬೆರಳಿನಿಂದ ಸುಳಿಯನ್ನು ತಿರುಗಿಸಿ ನೋಡಿದ. ತಿರುಗಲಿಲ್ಲ. ಅವನು ಬುಡೇನ್ ಸಾಬನ ಮುಖ ನೋಡಿದ.

ಬುಡೇನ್ ಸಾಬ್ ಹಸುವಿನ ಬೆನ್ನು ಸವರಿದ. ಒಳ್ಳೆಯ ಹಸು. ಇಪ್ಪತ್ತು ವರ್ಷ ಅವನು ಹೀಗೊಂದಕ್ಕಾಗಿಯೇ ಬಾನಿಗೆ ನೀರು ತುಂಬಿದ್ದ. ಆದರೆ ಈಗ ಅವನು ಖಾಯಂ ನೌಕರ. "ಇದನ್ನ ಸೇರಿಸ್ಕೊಳ್ಳೋಕೆ ಬರಲ್ಲ ಕಣಪ್ಪ," ಎಂದ ಮೆಲ್ಲಗೆ. "ನಿಯಮದಾಗೆ ಇಲ್ಲ. ಬ್ಯಾಸರ ಮಾಡ್ಕೋಬ್ಯಾಡ."

"ಇಲ್ಲ ಬಿಡ್ರಿ, ತಪ್ಪು ನಂದೇ," ಎಂದ ರೈತ. "ಸರಿಯಾಗಿ ನೋಡ್ದೆ ಹೊಡ್ಕೊಂಡು ಬಂದೆ." ಹಸುವಿಗೂ ಒಂದು ಮಾತು ಕ್ಷಮೆ ಕೇಳಿ ಅದನ್ನು ತಿರುಗಿಸಿಕೊಂಡು ಹೋದ. ಅದು ದಾರಿಯಲ್ಲೇ ಮತ್ತೆ ಈರುಳ್ಳಿ ಹೊಲಕ್ಕೆ ಇಳಿಯಿತು.

ಬುಡೇನ್ ಸಾಬ್ ಗೇಟನ್ನು ಅಗಲಕ್ಕೆ ತೆಗೆದಿಟ್ಟು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬೇವಿನ ಕಟ್ಟೆಯ ಮೇಲೆ ಕೂತ. ಆಕಾಶದಲ್ಲಿ ಗುಂಯ್ ಎನ್ನುತ್ತಿತ್ತು. ಎಷ್ಟೋ ಹೊತ್ತು ಗುಂಯ್ ಎನ್ನುತ್ತಲೇ ಇತ್ತು.

"ಯಾಕ್ರೀ, ಇವತ್ತು ಇನ್ನೂ ನಿಲ್ಲಲಿಲ್ಲ?" ಎಂದು ಬಾಗಿಲಿಗೆ ಬಂದ ರಜಿಯಾ ಬೇಗಂ ಕಳವಳದಿಂದ ಕೇಳಿದಳು. "ಎಂಜಿನ್ನಿಗೆ ಏನಾದ್ರೂ ಆತಾ?"

ಅಷ್ಟರಲ್ಲಿ ಸದ್ದು ನಿಂತಿತು. ಅವಳು ಎದೆಯ ಮೇಲೆ ಕೈಯಿಟ್ಟು ಅಲ್ಲಾನನ್ನು ನೆನೆದು, ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.